ಜಪಾನ್ ರೈಲು ಪಾಸ್: ನಾನು ಹಾಕಿದ್ದ ಗೈಡ್‌ಬುಕ್ ಪುಟ ಹಳೆಯದು

ಜಪಾನಿಗೆ ಹೊರಟವರ ಗ್ರೂಪುಗಳಲ್ಲಿ ಒಂದು ಫೋಟೊ ಓಡಾಡುತ್ತಿದೆ. ಏಳು ದಿನದ ಜೆಆರ್ (ಜಪಾನ್ ರೈಲ್ವೇಸ್) ಪಾಸ್‌ಗೆ 30,000 ಯೆನ್ ಒಳಗೇ ಆಗುತ್ತದೆ, ಟೋಕಿಯೊದಿಂದ ಕ್ಯೋಟೊಗೆ ಹೋಗಿಬಂದರೆ ಹಾಕಿದ ದುಡ್ಡು ಗಿಟ್ಟುತ್ತದೆ ಅಂತ. ಆ ಫೋಟೊ ಹಾಕಿದ್ದು ನಾನೇ. ನನ್ನ ಗೈಡ್‌ಬುಕ್ 2019ರದ್ದು, ಇಸವಿ ನೋಡದೆ ಹಾಕಿಬಿಟ್ಟೆ.

ಆ ಲೆಕ್ಕ ಈಗ ತಪ್ಪು. 2023ರ ಅಕ್ಟೋಬರ್ 1ರಿಂದ ಸಾಮಾನ್ಯ ದರ್ಜೆಯ ಏಳು ದಿನದ ಪಾಸ್ 29,650ರಿಂದ 50,000 ಯೆನ್‌ಗೆ ಏರಿತು, ಇದು ಜೆಆರ್ ಕಂಪನಿಗಳೇ ಪ್ರಕಟಿಸಿದ ದರ. ಟೋಕಿಯೊ–ಕ್ಯೋಟೊ ಶಿಂಕಾನ್ಸೆನ್ (ಬುಲೆಟ್ ರೈಲು) ಟಿಕೆಟ್ ಒಂದು ಕಡೆಗೆ ಸುಮಾರು 14,000 ಯೆನ್, ಅಂದರೆ ಹೋಗಿಬರಲು 28,000 ಆಯಿತು, ಬರೀ ಇಷ್ಟಕ್ಕೆ ಪಾಸ್ ತೆಗೆದುಕೊಂಡರೆ 20,000 ಯೆನ್‌ಗೂ ಜಾಸ್ತಿ ಸುಮ್ನೆ ಹೋಗುತ್ತದೆ. ಟೋಕಿಯೊದಿಂದ ಹಿರೋಶಿಮಾಗೆ ಹೋಗಿಬಂದರೂ 40,000ದ ಆಸುಪಾಸು ಅಷ್ಟೇ.

ಹಾಗಂತ ಅಚ್ಚಿನ ಗೈಡ್‌ಬುಕ್ಕೇ ದಂಡ ಅಂತ ಕೆಲವರು ಶುರು ಮಾಡಿದ್ದಾರೆ, ಅದೂ ಸರಿಯಲ್ಲ. ಕ್ಯೋಟೊದ ಫುಶಿಮಿ ಇನಾರಿ ದೇಗುಲದ ಕೆಂಪು ತೋರಿಗಳ (ಕಮಾನಿನಂಥ ದ್ವಾರಗಳ) ಸಾಲು ಬೆಟ್ಟದ ಮೇಲಿನವರೆಗೂ ಹೋಗುತ್ತದೆ, ಒಳಗೆ ಹೋಗಲು ಟಿಕೆಟ್ ಇಲ್ಲ ಅನ್ನುವುದು ಆ ಪುಸ್ತಕದಿಂದಲೇ ಗೊತ್ತಾಗಿದ್ದು, ಅದು ಇವತ್ತಿಗೂ ನಿಜ. ಊರಿನ ಹೆಸರು ಜಪಾನಿ ಲಿಪಿಯಲ್ಲೂ ಇತ್ತು, ಫೋನ್ ಚಾರ್ಜ್ ಮುಗಿದಾಗ ಟ್ಯಾಕ್ಸಿಯವರಿಗೆ ಪುಟ ತೋರಿಸಿದೆ, ಕೆಲಸ ಆಯಿತು. ದರ, ಸಮಯ, ವೀಸಾ ಮಾತ್ರ ಅದರಲ್ಲಿ ನೋಡಬೇಡಿ.

ಆ ಫೋಟೊ ನಿಮಗೂ ಬಂದಿದ್ದರೆ ಇನ್ನು ಮುಂದೆ ಕಳಿಸಬೇಡಿ. ಪಾಸ್ ಕೊಳ್ಳುವ ಮುಂಚೆ ಜೆಆರ್‌ನ ಅಧಿಕೃತ ವೆಬ್‌ಸೈಟಿನಲ್ಲಿ ಅವತ್ತಿನ ದರ ನೋಡಿಕೊಳ್ಳಿ.