ತ್ರಿಕೋನ ಪ್ರೇಮಕ್ಕೆ ಹನ್ನೆರಡು ನಟ್ಟು

ಹುಡುಗಿ ಒಬ್ಬಳು, ಹಿಂದೆ ಬಿದ್ದವರು ಇಬ್ಬರು ಎಂದಾದರೆ ನಮ್ಮ ಸಿನಿಮಾದವರ ಹತ್ತಿರ ಸುಲಭದ ಪರಿಹಾರವಿದೆ. ಕೊನೆಯ ರೀಲಿನಲ್ಲಿ ಒಬ್ಬನಿಗೆ ಗುಂಡು ತಗಲುತ್ತದೆ, ಅವನು ಉಳಿದಿಬ್ಬರ ಕೈ ಹಿಡಿದು ಒಂದರ ಮೇಲೊಂದು ಇಟ್ಟು ಕಣ್ಣು ಮುಚ್ಚುತ್ತಾನೆ. ಖರ್ಚು ಒಂದು ಗುಂಡು, ಒಂದಿಷ್ಟು ಕೆಂಪು ಬಣ್ಣ. ಇದೇ ಕೆಲಸವನ್ನು 1942ರಲ್ಲಿ ಹಾಲಿವುಡ್ಡಿನ ಸೆಸಿಲ್ ಬಿ. ಡಿಮಿಲ್ ಮಾಡಿದ್ದು ಒಂದು ಚಂಡಮಾರುತ, ಎರಡು ಹಡಗು, ಒಂದು ಕೋರ್ಟು ಕೇಸು, ಎರಡು ತಾಮ್ರದ ಹೆಲ್ಮೆಟ್ಟು ಮತ್ತು ಮೋಟಾರಿನಿಂದ ಆಡುವ ಒಂದು ರಬ್ಬರ್ ಪ್ರಾಣಿಯ ಸಹಾಯದಿಂದ. ಚಿತ್ರದ ಹೆಸರು ‘ರೀಪ್ ದ ವೈಲ್ಡ್ ವಿಂಡ್’. ಅದರ ಪ್ರೇಮವನ್ನು ಹೊಗಳಲು ಬೇರೆಯವರಿದ್ದಾರೆ. ಇಲ್ಲಿ ನೋಡಬೇಕಾದದ್ದು ಅದರ ಸಾಮಾನುಗಳನ್ನು. ಏಕೆಂದರೆ ಈ ಕಥೆಯಲ್ಲಿ ಹೃದಯ ತೀರ್ಮಾನಿಸುವುದು ಕಡಿಮೆ. ಹಗ್ಗ, ನಟ್ಟು, ವಾಲ್ವುಗಳೇ ಮುಂದೆ ನಿಂತು ಎಲ್ಲವನ್ನೂ ಇತ್ಯರ್ಥ ಮಾಡುತ್ತವೆ.

ಕಥೆ ನಡೆಯುವುದು 1840ರಲ್ಲಿ, ಫ್ಲಾರಿಡಾದ ತುದಿಯ ಕೀ ವೆಸ್ಟ್ ಎಂಬ ದ್ವೀಪದಲ್ಲಿ. ಲಾಕ್ಸಿ (ಪಾಲೆಟ್ ಗೊಡಾರ್ಡ್) ಅಪ್ಪ ಸತ್ತ ಮೇಲೆ ತಾನೇ ದೋಣಿ ಇಟ್ಟುಕೊಂಡು, ಬಂಡೆಗೆ ಬಡಿದ ಹಡಗುಗಳಿಂದ ಸರಕು ಎತ್ತುವ ಗಟ್ಟಿಗಿತ್ತಿ. ಜಾಕ್ (ಜಾನ್ ವೇಯ್ನ್) ಹಡಗು ಕಳೆದುಕೊಂಡ ಕ್ಯಾಪ್ಟನ್ನು. ಸ್ಟೀವ್ (ರೇ ಮಿಲ್ಯಾಂಡ್) ಆ ಹಡಗು ಕಂಪನಿಯ ಲಾಯರು. ಗುಂಗುರು ಕೂದಲು, ರೇಷ್ಮೆ ಕೋಟು, ಜೊತೆಗೊಂದು ಪುಟ್ಟ ನಾಯಿ. ಆ ನಾಯಿ ಮಾತಾಡಿದ ಹಾಗೆ ತಾನೇ ಬಾಯಿ ಅಲುಗಿಸದೆ ಮಾತಾಡುವ ಕಲೆಯೂ ಅವನಿಗುಂಟು. ಲಾಕ್ಸಿಯ ಸಮಸ್ಯೆ ನಮ್ಮ ಗಾದೆಯದ್ದೇ: ಎರಡು ದೋಣಿಯ ಮೇಲೆ ಕಾಲು. ವ್ಯತ್ಯಾಸ ಇಷ್ಟೇ, ಇವಳಿಗೆ ಸ್ವಂತದ್ದು ಮೂರನೆಯದೊಂದು ದೋಣಿಯೂ ಇತ್ತು.

ಮೊದಲ ಅವಘಡ ಕ್ಯಾಮೆರಾ ಓಡುವ ಮೊದಲೇ ಆಯಿತು, ಅದೂ ತಲೆಯ ಮೇಲೆ. ಮಿಲ್ಯಾಂಡ್ ಕೂದಲು ಹುಟ್ಟಾ ನೇರ, ಪಾತ್ರಕ್ಕೆ ಬೇಕಾದದ್ದು ಗುಂಗುರು. ಕಾಸಿದ ಇಕ್ಕಳದಿಂದ ಅದನ್ನು ಸುತ್ತಿ ಸುತ್ತಿ ಗುಂಗುರು ಮಾಡಿದರು. ತನ್ನ ತಲೆ ಬೋಳಾಗಲು ಇದೇ ಕಾರಣ ಎಂದು ಅವರು ಮುಂದೆ ನಂಬಿದ್ದರು. ಆ ಇಕ್ಕಳದ ಪರೀಕ್ಷೆಗೆ ಹಳೆಯ ಕೇಶಾಲಂಕಾರದವರ ಉಪಾಯವೊಂದಿತ್ತು: ಮೊದಲು ಕಾಗದದ ಚೂರೊಂದನ್ನು ಅದರ ಬಾಯಿಗೆ ಕೊಡುವುದು. ಕಾಗದ ಕಂದಿದರೆ ಇಕ್ಕಳ ಇನ್ನೂ ಆರಬೇಕು, ಬೆಳ್ಳಗೇ ಉಳಿದರೆ ಕೂದಲಿಗೆ ಹಾಕಬಹುದು. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಕೂದಲಿನ ಕೆರಾಟಿನ್ ಕೆಟ್ಟು, ಎಳೆ ನಡುವೆಯೇ ಮುರಿಯುತ್ತದೆ. ಆದರೆ ಬಿಸಿ ಕೆಡಿಸುವುದು ಎಳೆಯನ್ನು. ಬೇರು ಇರುವುದು ಚರ್ಮದ ಕೆಳಗೆ. ತಲೆಯ ಚರ್ಮವೇ ಸುಟ್ಟ ಹೊರತು ಬೋಳಿಗೆ ಇಕ್ಕಳವನ್ನು ಹೊಣೆ ಮಾಡುವುದು ಕಷ್ಟ. ಬಹುಪಾಲು ಬೋಳುತಲೆಗಳ ಆರೋಪಪಟ್ಟಿಯಲ್ಲಿ ಇರಬೇಕಾದ ಹೆಸರು ಅಪ್ಪನದೋ ತಾತನದೋ. ಆದರೆ ಅಪ್ಪನ ಮೇಲೆ ಹೇರುವುದಕ್ಕಿಂತ ಸ್ಟುಡಿಯೋ ಮೇಲೆ ಹೇರುವುದು ಮನಸ್ಸಿಗೆ ಹಗುರ, ಅದು ಬೇರೆ ಮಾತು.

ಇನ್ನು ಬಡಿದ ಹಡಗಿನಿಂದ ಸರಕು ಎತ್ತುವ ವ್ಯಾಪಾರ. ಚಿತ್ರದಲ್ಲಿ ಇದು ಹೆಚ್ಚಾಗಿ ಖಳರ ದಂಧೆಯಂತೆ ಕಂಡರೂ ನಿಜದ ಕೀ ವೆಸ್ಟಿನಲ್ಲಿ ಇದಕ್ಕೆ ಲೈಸೆನ್ಸು, ಜಡ್ಜು, ಪಾಲು, ಕ್ರಮ ಎಲ್ಲವೂ ಇದ್ದವು. ಅಲ್ಲಿ ಹಡಗುಗಳು ಅಷ್ಟೊಂದು ಬಡಿದದ್ದಕ್ಕೆ ಕಾರಣ ಸರಳ. ಗಲ್ಫ್ ಸ್ಟ್ರೀಮ್ ಎಂಬ ಸಾಗರ ಪ್ರವಾಹ ಆ ಕರಾವಳಿಯ ಪಕ್ಕದಲ್ಲೇ 3-4 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 6-7 ಕಿ.ಮೀ., ಪೂರ್ವಕ್ಕೆ ಹರಿದು ಆಮೇಲೆ ಉತ್ತರಕ್ಕೆ ತಿರುಗುತ್ತದೆ. ದಕ್ಷಿಣಕ್ಕೆ ಹೊರಟ ಹಾಯಿ ಹಡಗು ಅದರ ಎದುರು ಈಜುವ ಬದಲು ಪ್ರವಾಹಕ್ಕೂ ಹವಳದ ಬಂಡೆ ಸಾಲಿಗೂ ನಡುವಿನ ಸಂದಿಯಲ್ಲಿ ನುಸುಳಲು ನೋಡುತ್ತದೆ. ಗಾಳಿ ತಿರುಗಿದರೆ, ರಾತ್ರಿ ಲೆಕ್ಕ ತಪ್ಪಿದರೆ ತಳ ಬಂಡೆಗೆ ಕೂರುತ್ತದೆ. ಊರಿನಲ್ಲಿ ಕೂಗು ಏಳುತ್ತದೆ, ದೋಣಿಗಳು ಓಟಕ್ಕೆ ಬೀಳುತ್ತವೆ. ಮೊದಲು ಮುಟ್ಟಿದ ದೋಣಿಯ ಕ್ಯಾಪ್ಟನ್ನನೇ ಆ ಕಾರ್ಯಾಚರಣೆಯ ಯಜಮಾನ. ಮೊದಲು ಜನರನ್ನು ಇಳಿಸಬೇಕು, ಅದಕ್ಕೆ ಕಾಸಿಲ್ಲ. ಆಮೇಲೆ ಸರಕು, ಅದಕ್ಕೆ ಪಾಲು. ಎಷ್ಟು ಪಾಲು ಎಂದು ಹೇಳುವುದು ಕೀ ವೆಸ್ಟಿನ ಕೋರ್ಟು. 1828ರಿಂದ ಅಲ್ಲೊಂದು ಸುಪೀರಿಯರ್ ಕೋರ್ಟಿತ್ತು. ಕಥೆಯ ಕಾಲಕ್ಕೆ ವಿಲಿಯಂ ಮಾರ್ವಿನ್ ಎಂಬ ಜಡ್ಜು ಕೂತಿದ್ದರು, ಈ ವಿಷಯದ ಮೇಲೆ ಮುಂದೆ 1858ರಲ್ಲಿ ಕಾನೂನು ಗ್ರಂಥವನ್ನೇ ಬರೆದವರು. ಹಡಗಿನ ಕ್ಯಾಪ್ಟನ್ನನ ಜೊತೆ ಒಳಒಪ್ಪಂದ ಮಾಡಿಕೊಂಡದ್ದು ಗೊತ್ತಾದರೆ ಪಾಲೂ ಹೋಯಿತು, ಲೈಸೆನ್ಸೂ ಹೋಯಿತು.

ಚಿತ್ರದ ಖಳ ಕಟ್ಲರ್ (ರೇಮಂಡ್ ಮ್ಯಾಸಿ) ಮಾಡುವುದು ಇದನ್ನೇ. ಅವನ ದೋಣಿ ಪ್ರತಿ ಸಲವೂ ಮೊದಲು ತಲುಪುತ್ತದೆ, ಏಕೆಂದರೆ ಹಡಗು ಎಲ್ಲಿ ಬಡಿಯಲಿದೆ ಎಂದು ಬಡಿಯುವ ಮೊದಲೇ ಅವನಿಗೆ ಗೊತ್ತು. ಸಿಟ್ಟು ಮತ್ತು ಹೊಟ್ಟೆಕಿಚ್ಚಿನಲ್ಲಿದ್ದ ಜಾಕ್ ಅವನ ಮಾತಿಗೆ ಬಿದ್ದು ‘ಸದರ್ನ್ ಕ್ರಾಸ್’ ಎಂಬ ಹೊಸ ಉಗಿ ಹಡಗನ್ನು ಬಂಡೆಗೆ ಕೊಡುತ್ತಾನೆ. ಹಡಗಿನಲ್ಲಿ ಲಾಕ್ಸಿಯ ಸೋದರಸಂಬಂಧಿ ಡ್ರುಸಿಲ್ಲಾ (ಸೂಸನ್ ಹೇವರ್ಡ್) ಕದ್ದು ಕೂತಿದ್ದದ್ದು ಯಾರಿಗೂ ಗೊತ್ತಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತೇವಲ್ಲ, ಇಲ್ಲಿ ಗಂಡ ಹೆಂಡಿರು ಆಗುವ ಮೊದಲೇ ಕೂಸು ಮುಳುಗಿತು.

ಹಡಗು ಮುಳುಗಿದ ಕೇಸು ಕೋರ್ಟಿಗೆ ಹೋಗುತ್ತದೆ, ಕೋರ್ಟಿಗೆ ಸಾಕ್ಷಿ ಬೇಕು. ಮುಳುಗಿದ ಹಡಗಿನಲ್ಲಿ ಹೆಂಗಸು ಇದ್ದಳೋ ಇಲ್ಲವೋ ಎಂದು ನೋಡಿ ಬರಲು ಇಬ್ಬರು ಪ್ರತಿಸ್ಪರ್ಧಿಗಳನ್ನೂ ಒಟ್ಟಿಗೆ ಸಮುದ್ರದ ತಳಕ್ಕೆ ಇಳಿಸುತ್ತಾರೆ. ಚಿತ್ರ ಕಳೆಗಟ್ಟುವುದು ಇಲ್ಲಿಂದ. ನೀರಿನಾಳಕ್ಕೆ ಇಳಿಯುವವರ ಉಡುಪನ್ನು ಬಲ್ಲವರಿಗೆ ನಗು ಬರುವುದೂ ಇಲ್ಲಿಂದಲೇ.

ಹೆಲ್ಮೆಟ್ಟನ್ನು ಉಡುಪಿಗೇ ಸೀಲು ಮಾಡುವ ಪದ್ಧತಿಯನ್ನು ಲಂಡನ್ನಿನ ಅಗಸ್ಟಸ್ ಸೀಬೆ 1830ರ ದಶಕದ ಕೊನೆಗೆ ರೂಪಿಸಿದ್ದರಿಂದ 1840ರ ಕಥೆಗೆ ಅದು ಒಗ್ಗುತ್ತದೆ. ಮುಂದೆ ಒಂದು ಶತಮಾನ ನಡೆದ ಆ ಉಡುಪನ್ನು ತೊಡುವುದು ಒಬ್ಬನ ಕೈಲಾಗುವ ಕೆಲಸವಲ್ಲ. ಒಳಗೆ ಉಣ್ಣೆ ಬಟ್ಟೆ, ಉಣ್ಣೆ ಟೋಪಿ. ಮೇಲೆ ರಬ್ಬರು ಕೂಡಿಸಿದ ದಪ್ಪ ಕ್ಯಾನ್ವಾಸಿನ ಅಖಂಡ ಉಡುಪು. ಅದರೊಳಕ್ಕೆ ಕತ್ತಿನ ತೂತಿನಿಂದಲೇ ಇಳಿಯಬೇಕು, ಇಬ್ಬರು ಆಳುಗಳು ಆ ಕಾಲರನ್ನು ಎರಡೂ ಕಡೆ ಹಿಗ್ಗಿಸಿ ಹಿಡಿದಿರಬೇಕು. ಮಣಿಕಟ್ಟಿನ ರಬ್ಬರು ಬಿಗಿ, ಸೋಪಿನ ನೀರು ಸವರದೆ ಕೈ ಹೊರಬರುವುದಿಲ್ಲ. ಭುಜದ ಮೇಲೆ ತಾಮ್ರದ ಕವಚ. ಅದರ ಅಂಚಿನ ಬೋಲ್ಟುಗಳಿಗೆ ಕಾಲರಿನ ತೂತುಗಳನ್ನು ಸಿಕ್ಕಿಸಿ, ಮೇಲೆ ಹಿತ್ತಾಳೆ ಪಟ್ಟಿ ಕೂರಿಸಿ, ಸಾಮಾನ್ಯ ಮಾದರಿಯಲ್ಲಿ ಹನ್ನೆರಡು ನಟ್ಟು ಬಿಗಿಯಬೇಕು. ಒಂದು ನಟ್ಟು ಸಡಿಲವಿದ್ದರೂ ಕುತ್ತಿಗೆಯೊಳಗೆ ನೀರು. ಎದೆಗೆ, ಬೆನ್ನಿಗೆ ಸೀಸದ ಗಟ್ಟಿಗಳು, ಒಂದೊಂದು ಸುಮಾರು 18 ಕಿಲೊ. ಕಾಲಿಗೆ ಸೀಸದ ಅಟ್ಟೆಯ ಬೂಟು. ಹೆಲ್ಮೆಟ್ಟನ್ನು ಕೂರಿಸಿ ಎಂಟನೇ ಒಂದು ಸುತ್ತು ತಿರುಗಿಸಿದರೆ ಬೀಗ ಬಿದ್ದ ಹಾಗೆ. ಮುಖದ ಗಾಜನ್ನು ಮುಚ್ಚುವುದು ಎಲ್ಲಕ್ಕಿಂತ ಕೊನೆಗೆ, ಅದೂ ಮೇಲೆ ಪಂಪು ತಿರುಗತೊಡಗಿದ ಮೇಲೆ. ಒಟ್ಟು ತೂಕ ಸುಮಾರು 80 ಕಿಲೊ. ಗಾಜು ಮುಚ್ಚಿದ ಮರುಕ್ಷಣ ಮೂಗು ತುರಿಸುತ್ತದೆ. ಅದಕ್ಕೆ ಪರಿಹಾರ ಯಾವ ಕೈಪಿಡಿಯಲ್ಲೂ ಇಲ್ಲ.

ಇಂಥ ವೇಷದಲ್ಲಿ ಇಬ್ಬರು ಗಂಡಸರು ಒಬ್ಬಳ ವಿಷಯ ಇತ್ಯರ್ಥ ಮಾಡಿಕೊಳ್ಳಬೇಕು. ಮೊದಲನೆಯದಾಗಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ಫೋನು ಬಂದದ್ದು ಎಷ್ಟೋ ಕಾಲದ ಮೇಲೆ. ಮಾತಾಡಲೇಬೇಕೆಂದರೆ ಹೆಲ್ಮೆಟ್ಟಿಗೆ ಹೆಲ್ಮೆಟ್ಟು ತಾಗಿಸಿ ಕೂಗಬೇಕು, ಆಗ ತಾಮ್ರದ ಮೂಲಕ ದನಿ ದಾಟುತ್ತದೆ. ಅಂದರೆ ವೈರಿಗೆ ಬೈಯಬೇಕಾದರೂ ಅವನ ತಲೆಗೆ ತಲೆ ಕೊಟ್ಟು ನಿಲ್ಲಬೇಕು. ದೂರದಿಂದ ನೋಡಿದವರು ರಾಜಿಯಾಯಿತು ಎಂದುಕೊಂಡಾರು. ಎರಡನೆಯದಾಗಿ, ನೀರಿನಿಂದ ಗಾಜು ದಾಟಿ ಗಾಳಿಗೆ ಬರುವಾಗ ಬೆಳಕು ಬಾಗುವುದರಿಂದ ಎದುರಿನದು ಮೂರನೇ ಒಂದು ಭಾಗ ದೊಡ್ಡದಾಗಿಯೂ ನಾಲ್ಕನೇ ಒಂದು ಭಾಗ ಹತ್ತಿರವಾಗಿಯೂ ಕಾಣುತ್ತದೆ. ಜಾನ್ ವೇಯ್ನ್ ನೆಲದ ಮೇಲೇ ಆರಡಿ ನಾಲ್ಕಂಗುಲ. ಮಿಲ್ಯಾಂಡಿಗೆ ಅಲ್ಲಿ ಕಂಡಿರಬಹುದಾದ ಪ್ರತಿಸ್ಪರ್ಧಿ ಎಂಟಡಿಗೂ ಮೇಲು.

ಮೇಲಿನವರ ಜೊತೆ ಸಂಪರ್ಕವೆಲ್ಲ ಹಗ್ಗದ ಎಳೆತದಲ್ಲಿ. ಅಮೆರಿಕದ ನೌಕಾಪಡೆ ಮುಂದೆ ಇದಕ್ಕೊಂದು ಸಂಹಿತೆಯನ್ನೇ ಮಾಡಿತು. ಕೆಳಗಿನಿಂದ ಒಂದು ಎಳೆತ: ಕ್ಷೇಮ. ಎರಡು: ಹಗ್ಗ ಸಡಿಲ ಬಿಡಿ. ಮೂರು: ಸಡಿಲವನ್ನು ಎಳೆದುಕೊಳ್ಳಿ. ನಾಲ್ಕು: ಮೇಲೆತ್ತಿ. ಎರಡು-ಎರಡು-ಎರಡು ಎಂದರೆ ಸಿಕ್ಕಿಕೊಂಡಿದ್ದೇನೆ, ಇನ್ನೊಬ್ಬನನ್ನು ಕಳಿಸಿ. ಮೂರು-ಮೂರು-ಮೂರು ಎಂದರೆ ಸಿಕ್ಕಿಕೊಂಡಿದ್ದೇನೆ, ಆದರೆ ನಾನೇ ಬಿಡಿಸಿಕೊಳ್ಳುತ್ತೇನೆ. ತ್ರಿಕೋನ ಪ್ರೇಮಕ್ಕೆ ಇದಕ್ಕಿಂತ ಪೂರ್ಣವಾದ ಭಾಷೆ ಇನ್ನೂ ಬಂದಿಲ್ಲ. ಸ್ಟೀವ್ ಮೊದಲರ್ಧದುದ್ದಕ್ಕೂ ಮೂರು-ಮೂರು-ಮೂರರ ಮನುಷ್ಯ. ತೊಂದರೆ ಏನೆಂದರೆ, ಹಗ್ಗ ಬಂಡೆಗೋ ಹಡಗಿನ ಕಂಬಕ್ಕೋ ಸುತ್ತಿಕೊಂಡರೆ ನಾಲ್ಕು ಎಳೆದದ್ದು ಮೇಲೆ ಎರಡಾಗಿ ತಲುಪುತ್ತದೆ. ಎತ್ತಿ ಎಂದವನಿಗೆ ಇನ್ನಷ್ಟು ಹಗ್ಗ ಬರುತ್ತದೆ.

ಗಾಳಿಯದ್ದು ಇನ್ನೊಂದು ಗೋಳು. ಪ್ರತಿ 10 ಮೀಟರಿಗೆ ಒತ್ತಡ ಒಂದು ವಾಯುಮಂಡಲದಷ್ಟು ಏರುತ್ತದೆ. 20 ಮೀಟರಿಗೆ ಇಳಿದವನಿಗೆ ಮೇಲಿನ ಮೂರರಷ್ಟು ಗಾಳಿ ಒತ್ತಿ ಕಳಿಸಬೇಕು, ಅಂದರೆ ಪಂಪು ತಿರುಗಿಸುವವರ ಭುಜ ಬಿದ್ದುಹೋಗಬೇಕು. ಹೊರಹೋಗುವ ವಾಲ್ವನ್ನು ಮರೆತು ಬಿಗಿಯಾಗಿ ಮುಚ್ಚಿದರೆ ಉಡುಪು ಪೂರಿಯಂತೆ ಉಬ್ಬಿ, ಎರಡೂ ಕೈ ಅಗಲಕ್ಕೆ ಸೆಟೆದು ನಿಲ್ಲುತ್ತವೆ. ವಾಲ್ವು ತೆರೆಯಲು ಬೇಕಾದ ಕೈ ವಾಲ್ವಿನವರೆಗೆ ಮಡಚುವುದೇ ಇಲ್ಲ. ಮನುಷ್ಯ ಬಿರಡೆಯ ಹಾಗೆ ಮೇಲಕ್ಕೆ ಹಾರುತ್ತಾನೆ.

ಚಿತ್ರದಲ್ಲಿ ಇದ್ಯಾವುದೂ ಆಗುವುದಿಲ್ಲ, ಬದಲಿಗೆ ದೈತ್ಯ ಸ್ಕ್ವಿಡ್ ಬರುತ್ತದೆ. ಮಂಗಳೂರಿನ ಬಂದರಿನಲ್ಲಿ ಬೊಂಡಾಸ್ ಎಂದು ಕೆಜಿ ಲೆಕ್ಕದಲ್ಲಿ ಸಿಗುತ್ತದಲ್ಲ, ಅದರ ದೊಡ್ಡಪ್ಪ. ಎಂಟು ಕೈ, ಉದ್ದನೆಯ ಎರಡು ಬಳ್ಳಿ, ದೊಡ್ಡದಾದರೆ 12 ಮೀಟರು. ನಿಜದ ಪ್ರಾಣಿ ಕತ್ತಲಿನ ಆಳದ ವಾಸಿ. 2019ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ವಿಜ್ಞಾನಿಗಳ ಕ್ಯಾಮೆರಾಕ್ಕೆ ಅದು ಸಿಕ್ಕಿದ್ದು ಸುಮಾರು 750 ಮೀಟರ್ ಕೆಳಗೆ. ಕೈಪಂಪಿನ ಗಾಳಿ ಉಸಿರಾಡುವವನ ಭೇಟಿಗೆ ಅದು ಏರಿ ಬಂದಿದೆ ಎಂದರೆ ದಾರಿ ತಪ್ಪಿರಬೇಕು, ಇಲ್ಲವೇ ಸಾಯಲು ಬಿದ್ದಿರಬೇಕು. ಹೊಡೆದು ಸುಕ್ಕ ಮಾಡೋಣವೆಂದರೂ ಆಗದು. ತೇಲುವ ಅನುಕೂಲಕ್ಕಾಗಿ ಅದರ ಮಾಂಸದ ತುಂಬ ಅಮೋನಿಯಂ ಲವಣ, ಯಾವ ಮಸಾಲೆಯೂ ಅದನ್ನು ಮುಚ್ಚಲಾರದು. ಡಿಮಿಲ್ಲರ ರಬ್ಬರ್ ಬೊಂಡಾಸ್‌ಗೆ ಈ ದೋಷಗಳಿಲ್ಲ. ಮೋಟಾರು ತಿರುಗಿದರೆ ಕೈ ಬೀಸುತ್ತದೆ, ನಿಂತರೆ ಸುಮ್ಮನಿರುತ್ತದೆ. ಇಡೀ ಚಿತ್ರದಲ್ಲಿ ಮನಸ್ಸು ಎರಡಿಲ್ಲದ ಪಾತ್ರ ಅದೊಂದೇ. ಜಾಕ್ ಸ್ಟೀವನನ್ನು ಅದರಿಂದ ಬಿಡಿಸಿ ತಾನು ಅಲ್ಲೇ ಉಳಿಯುತ್ತಾನೆ. ಗುಂಡಿನ ಕೆಲಸ ಹೀಗೆ ರಬ್ಬರಿನಿಂದ ಮುಗಿಯಿತು.

ಮುಳುಗುವ ಹಡಗುಗಳ ಪುಟ್ಟ ಮಾದರಿಗಳನ್ನು ತೊಟ್ಟಿಯಲ್ಲಿ ಆಡಿಸುವುದಕ್ಕೂ ಒಂದು ಲೆಕ್ಕವಿದೆ. ಹಡಗನ್ನು ಹದಿನಾರನೇ ಒಂದು ಪಾಲಿಗೆ ಇಳಿಸಿದರೆ ಕ್ಯಾಮೆರಾವನ್ನು ಹದಿನಾರರ ವರ್ಗಮೂಲದಷ್ಟು, ಅಂದರೆ ನಾಲ್ಕು ಪಟ್ಟು ವೇಗದಲ್ಲಿ ಓಡಿಸಬೇಕು: ಸೆಕೆಂಡಿಗೆ 24 ಫ್ರೇಮಿನ ಬದಲು 96. ಆಗ ಅಲೆಗೆ ತೂಕ ಬರುತ್ತದೆ. ಮೋಸ ಬಯಲಾಗುವುದು ಹನಿಗಳಲ್ಲಿ, ಏಕೆಂದರೆ ನೀರಿನ ಹನಿಯನ್ನು ಹದಿನಾರನೇ ಒಂದಕ್ಕೆ ಇಳಿಸುವ ವಿದ್ಯೆ ಯಾರ ಬಳಿಯೂ ಇಲ್ಲ. ಮುಂದಿನ ಸಲ ನೋಡುವಾಗ ಹಡಗಿನ ಮೂತಿಗೆ ಸಿಡಿಯುವ ಹನಿ ಕುಂಬಳಕಾಯಿ ಗಾತ್ರವಿದೆಯೇ ಎಂದು ಗಮನಿಸಿ. ಅಷ್ಟಾಗಿಯೂ ವಿಶೇಷ ಪರಿಣಾಮದ ಆಸ್ಕರ್ ಈ ಚಿತ್ರಕ್ಕೇ ಬಂತು. ಗೆದ್ದವರಲ್ಲಿ ಒಬ್ಬರಾದ ವಾಸ್ತುಶಿಲ್ಪಿ ವಿಲಿಯಂ ಪೆರೇರಾ ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ಟ್ರಾನ್ಸ್‌ಅಮೆರಿಕ ಪಿರಮಿಡ್ ಕಟ್ಟಡದ ನಕ್ಷೆ ಮಾಡಿದರು. ತ್ರಿಕೋನ ಅವರನ್ನು ಬಿಡಲಿಲ್ಲ.

1954ರಲ್ಲಿ ಚಿತ್ರ ಮತ್ತೆ ತೆರೆಗೆ ಬಂತು. ಅಷ್ಟರಲ್ಲಿ ವೇಯ್ನ್ ಮತ್ತು ಹೇವರ್ಡ್ ದೊಡ್ಡ ತಾರೆಗಳು, ಅವರ ಹೆಸರುಗಳನ್ನೇ ಮೇಲಕ್ಕೆ ಹಾಕಿದರು. ಕಥೆಯಲ್ಲಿ ಸಮುದ್ರದ ಪಾಲಾಗುವವರು ಇವರಿಬ್ಬರೇ. ಬದುಕುಳಿದು ಜೊತೆಯಾಗುವ ಮಿಲ್ಯಾಂಡ್, ಗೊಡಾರ್ಡ್ ಕೆಳಗಿನ ಸಾಲಿಗೆ ಇಳಿದರು. ಬೊಂಡಾಸ್‌ನ ಹೆಸರು ಆಗಲೂ ಹಾಕಲಿಲ್ಲ.