ಯಜಮಾನ್ರು ಬರ್ಲಿಲ್ವಾ?

ಬಾದಾಮಿಗೆ ಒಬ್ಬಳೇ ಹೋಗಿ ಬರುತ್ತೇನೆ ಅಂದಾಗ ನಮ್ಮ ಮನೆಯಲ್ಲಿ ಎದ್ದ ಮೊದಲ ಪ್ರಶ್ನೆ, "ಗ್ಯಾಸ್ ಬುಕ್ ಮಾಡಿದ್ದೀಯಾ?" ಎರಡನೆಯದು, "ಇಡ್ಲಿ ಹಿಟ್ಟು ಎಷ್ಟು ದಿನ ಇರುತ್ತೆ?" ನನ್ನ ಸುರಕ್ಷತೆಯ ವಿಷಯ ಬರಲೇ ಇಲ್ಲ ಅಂತಲ್ಲ. ಬಂತು. ನೀರಿನ ಮೋಟರ್ ಸ್ವಿಚ್ ಯಾವುದು ಅನ್ನುವುದು ಇತ್ಯರ್ಥ ಆದ ಮೇಲೆ ಬಂತು.

ಯಾಕೆ ಹೋಗ್ತಿದ್ದೀಯಾ ಅಂತ ಎಲ್ಲರೂ ಕೇಳಿದರು. ಅದಕ್ಕೆ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಗುಹೆ ನೋಡಬೇಕು ಅನ್ನಿಸಿತ್ತು, ಅಷ್ಟೇ. ಹಾಗಂತ ನಾನೇನು ಒಬ್ಬಳೇ ಓಡಾಡದವಳಲ್ಲ. ತಂಗಿಯ ಬಾಣಂತನಕ್ಕೆ ಒಬ್ಬಳೇ ಹೋಗಿದ್ದೇನೆ. ದೊಡ್ಡಮ್ಮ ತೀರಿಕೊಂಡಾಗ ರಾತ್ರೋರಾತ್ರಿ ಬಸ್ ಹತ್ತಿದ್ದೇನೆ. ಮಗಳನ್ನು ಹಾಸ್ಟೆಲ್‌ಗೆ ಬಿಟ್ಟು ಒಬ್ಬಳೇ ವಾಪಸ್ ಬಂದಿದ್ದೇನೆ. ಆಗೆಲ್ಲ ಯಾರೂ "ಒಬ್ಬಳೇನಾ?" ಅಂತ ಹುಬ್ಬೇರಿಸಲಿಲ್ಲ. ಅಡುಗೆ ಮಾಡುವುದಕ್ಕೋ ಅಳುವುದಕ್ಕೋ ಹೋಗುವ ಹೆಂಗಸಿಗೆ ದಾರಿಯಲ್ಲಿ ಯಾವ ಅಪಾಯವೂ ಇರುವುದಿಲ್ಲವೇನೋ. ಗುಹೆ ನೋಡಲು ಹೊರಟರೆ ಮಾತ್ರ ಕಾಲ ಕೆಟ್ಟುಹೋಗಿರುತ್ತದೆ.

ಕಾಲ ಕೆಟ್ಟಿದೆ ಅಂದವರು ನಮ್ಮತ್ತೆ. "ಅಕ್ಕ ಮಹಾದೇವಿ ಹನ್ನೆರಡನೇ ಶತಮಾನದಲ್ಲೇ ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ಹೋಗಿರಲಿಲ್ವಾ? ಅದೂ ಲೋವರ್ ಬರ್ತ್ ಇಲ್ಲದೆ?" ಅಂದೆ. ಅತ್ತೆ ಸ್ವಲ್ಪ ಯೋಚಿಸಿದರು. "ಹೋದ್ರು. ವಾಪಸ್ ಬರ್ಲಿಲ್ಲವಲ್ಲ" ಅಂದರು.

ಲೋವರ್ ಬರ್ತ್ ನನಗೆ ಕೇಳದೆಯೇ ಸಿಕ್ಕಿತ್ತು. 45 ತುಂಬಿದ ಹೆಂಗಸರಿಗೆ, ಖಾಲಿ ಇದ್ದರೆ, ರೈಲ್ವೆಯ ಕಂಪ್ಯೂಟರೇ ಕೆಳಗಿನ ಬರ್ತ್ ಕೊಟ್ಟುಬಿಡುತ್ತದೆ. ವಯಸ್ಸಾಗಿದ್ದಕ್ಕೆ ಇದುವರೆಗೆ ಸಿಕ್ಕ ಏಕೈಕ ಬಹುಮಾನ.

ಸಾಮಾನು ಕಟ್ಟುವಾಗ ನನ್ನ ಆದರ್ಶ ನೆಲ್ಲಿ ಬ್ಲೈ. 1889ರಲ್ಲಿ ನ್ಯೂಯಾರ್ಕಿನ ಈ ಪತ್ರಕರ್ತೆ ಒಂದೇ ಕೈಚೀಲ ಹಿಡಿದು ಹೊರಟು 72 ದಿನದಲ್ಲಿ ಭೂಮಿ ಸುತ್ತಿ ಬಂದಳು. ಹೆಂಗಸಿಗೆ ಜೊತೆಗೊಬ್ಬ ಕಾವಲಿನವನು ಬೇಕು, ರಾಶಿ ಪೆಟ್ಟಿಗೆ ಬೇಕು ಅಂತ ಅವಳ ಪತ್ರಿಕೆಯವರು ಮೊದಲು ತಕರಾರು ತೆಗೆದಿದ್ದರು. ಅವಳ ಪುಟ್ಟ ಚೀಲದಲ್ಲಿ ಜಾಗ ತಿಂದು ಕಾಟ ಕೊಟ್ಟದ್ದು ಒಂದು ಕೋಲ್ಡ್ ಕ್ರೀಮ್ ಡಬ್ಬಿ. ನನ್ನ ಚೀಲದಲ್ಲಿ ಆ ಕೆಲಸ ಮಾಡಿದ್ದು ಅತ್ತೆ ಕೊಟ್ಟ ಮಾವಿನಕಾಯಿ ಉಪ್ಪಿನಕಾಯಿ ಬಾಟಲು. "ಅಲ್ಲಿ ಬರೀ ರೊಟ್ಟಿ. ನಾಲಿಗೆ ಸತ್ತುಹೋಗುತ್ತೆ" ಅಂತ ತುರುಕಿದರು. ಬಾಗಲಕೋಟೆ ಜಿಲ್ಲೆಗೆ ಬೆಂಗಳೂರಿನಿಂದ ಖಾರ ಹೊತ್ತುಕೊಂಡು ಹೋದವಳು ನಾನೊಬ್ಬಳೇ ಇರಬೇಕು.

ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಸಂಜೆ ಬೆಂಗಳೂರು ಬಿಟ್ಟಿತು. ಸ್ವಲ್ಪ ಹೊತ್ತಿಗೆ ರೈಲ್ವೆ ರಕ್ಷಣಾ ಪಡೆಯ ಇಬ್ಬರು ಹುಡುಗಿಯರು ಬಂದರು. ಒಬ್ಬರೇ ಪ್ರಯಾಣ ಮಾಡುವ ಹೆಂಗಸರನ್ನು ವಿಚಾರಿಸಿಕೊಳ್ಳಲು 2020ರಲ್ಲಿ ಶುರುವಾದ 'ಮೇರಿ ಸಹೇಲಿ' ಅನ್ನುವ ಏರ್ಪಾಡು ಅದು. ಹೆಸರು, ಸೀಟು ನಂಬರ್ ಬರೆದುಕೊಂಡರು. ಏನಾದರೂ ಆದರೆ 139ಕ್ಕೆ ಫೋನ್ ಮಾಡಿ ಅಂದರು. "ಗುರುತಿಲ್ಲದವರು ತಿನ್ನೋಕೆ ಏನಾದ್ರೂ ಕೊಟ್ರೆ ತಗೋಬೇಡಿ ಮೇಡಂ" ಅಂದರು. ನಾನು ತಲೆಯಾಡಿಸಿದೆ. ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ. ಬಾಯಲ್ಲಿ ಎದುರು ಸೀಟಿನ ಅಜ್ಜಿ ಕೊಟ್ಟ ಶೇಂಗಾ ಹೋಳಿಗೆ ಇತ್ತು. ಅಜ್ಜಿ ಮಾತ್ರ ಆ ಹುಡುಗಿಯರಿಗೂ ಒಂದೊಂದು ಕೊಡಲು ಹೋದರು.

ಬೆಳಗಿನ ಜಾವ ಬಾದಾಮಿಯಲ್ಲಿ ಇಳಿದಾಗ ಚೀಲದಿಂದ ಘಮ್ಮೆನ್ನುವ ವಾಸನೆ. ಬಾಟಲಿನ ಮುಚ್ಚಳ ರಾತ್ರಿಯ ಕುಲುಕಾಟಕ್ಕೆ ಸಡಿಲವಾಗಿತ್ತು. ಎರಡು ಕುರ್ತಾ, ಒಂದು ಟವೆಲು, ಪರ್ಸು, ಎಲ್ಲವೂ ಎಣ್ಣೆಮಯ. ಪರ್ಸಿನೊಳಗಿದ್ದ ಆಧಾರ್ ಕಾರ್ಡಿನ ಲ್ಯಾಮಿನೇಷನ್ ಮೊದಲೇ ಬಾಯಿ ಬಿಟ್ಟಿತ್ತು. ಅಲ್ಲಿಂದ ಎಣ್ಣೆ ಒಳಗಿಳಿದು ನನ್ನ ಮುಖಕ್ಕೆ ಕೆಂಪು ಕಳೆ ಬಂದಿತ್ತು. ನಿಜ ಹೇಳಬೇಕಂದರೆ ಮೊದಲಿಗಿಂತ ವಾಸಿ ಕಾಣುತ್ತಿದ್ದೆ.

ಅದೇ ಕಾರ್ಡನ್ನು ಲಾಡ್ಜಿನ ಹುಡುಗನ ಮುಂದಿಟ್ಟೆ. ಅವನು ಎರಡು ಬೆರಳಲ್ಲಿ ಹಿಡಿದುಕೊಂಡು ಕೇಳಿದ.

"ಒಬ್ರ ಬಂದೀರೇನ್ರಿ?"

"ಹೌದು."

"ಫ್ಯಾಮಿಲಿ ಇಲ್ಲೇನ್ರಿ?"

"ಇದೆ. ಮನೇಲಿದೆ."

"ಆಫೀಸ್ ಕೆಲಸ ಏನ್ರಿ?"

"ಅಲ್ಲ, ಗುಹೆ ನೋಡೋಕೆ."

ಅವನು ಮಾಲೀಕರಿಗೆ ಫೋನ್ ಮಾಡಿದ. ಮಾಲೀಕರು ನನ್ನ ಜೊತೆ ಮಾತಾಡಿದರು. "ಯಜಮಾನ್ರು ಬರ್ಲಿಲ್ವಾ ಮೇಡಂ?" ಅವರಿಗೆ ಬಿಡುವಿಲ್ಲ ಅಂದೆ. ಆ ಹೊತ್ತಿಗೆ ಅವರು ಗೊರಕೆ ಹೊಡೆಯುತ್ತಿದ್ದರು ಅನ್ನುವುದು ಬೇರೆ ಮಾತು. ಬಿಡುವಿಲ್ಲ ಅಂದ ಕೂಡಲೇ ಮಾಲೀಕರಿಗೆ ಸಮಾಧಾನವಾಗಿ ರೂಮು ಸಿಕ್ಕಿತು. ಗಂಡ ಬರದಿರುವುದಕ್ಕೆ ಕಾರಣ ಬೇಕು. ಆ ಕಾರಣ ಗಂಡನದೇ ಆಗಿರಬೇಕು.

ಗುಹೆಗಳ ವಿಷಯಕ್ಕೆ ಬರುತ್ತೇನೆ. ಮೊದಲನೇ ಗುಹೆಯ ಬಾಗಿಲಲ್ಲೇ ಹದಿನೆಂಟು ಕೈಗಳ ನಟರಾಜ ಇದ್ದಾನೆ. ಕೆಂಪು ಮರಳುಗಲ್ಲಿನಲ್ಲಿ ಕುಣಿಯುತ್ತಲೇ ನಿಂತಿದ್ದಾನೆ. ಹದಿನೆಂಟು ಕೈ ಇದ್ದರೂ ಒಂದರಲ್ಲೂ ವಾಟರ್ ಬಾಟಲ್ ಇಲ್ಲ, ಯಾರದೋ ಸ್ವೆಟರ್ ಇಲ್ಲ, ಅರ್ಧ ತಿಂದ ಚಿಪ್ಸ್ ಪ್ಯಾಕೆಟ್ ಇಲ್ಲ. ಎರಡೇ ಕೈ ಇಟ್ಟುಕೊಂಡು ನಾನು ಈ ದೇಶದ ಅರ್ಧ ಪ್ರೇಕ್ಷಣೀಯ ಸ್ಥಳಗಳನ್ನು ಇವುಗಳ ಸಮೇತ ನೋಡಿದ್ದೇನೆ. ಬೇಲೂರಲ್ಲಿ ನಾನು ನೋಡಿದ್ದಕ್ಕಿಂತ ಜಾಸ್ತಿ ಹೊತ್ತದ್ದೇ ನೆನಪು. ಇವತ್ತು ನನ್ನ ಕೈ ಖಾಲಿ. ನಟರಾಜನ ಕೈಗಳನ್ನು ಬೇರೆ ಬೇರೆ ಥರ ಜೋಡಿಸಿಕೊಂಡು ನೋಡಿದರೆ 81 ಭಂಗಿ ಸಿಗುತ್ತವೆ ಅಂತ ಅಲ್ಲಿನ ಗೈಡ್‌ಗಳು ಹೇಳುತ್ತಾರೆ. ನಾನು ಲೆಕ್ಕ ಹಾಕುತ್ತಾ ನಿಂತೆ. ಲೆಕ್ಕ ತಪ್ಪಿತು. ಮತ್ತೆ ಮೊದಲಿಂದ ಶುರುಮಾಡಿದೆ. "ಆಯ್ತಾ? ಹೋಗೋಣ್ವಾ?" ಅನ್ನುವವರು ಯಾರೂ ಇಲ್ಲ. ಇದೊಂದಕ್ಕೇ ರೈಲ್ವೆಗೆ ಕೊಟ್ಟ ದುಡ್ಡು ವಸೂಲಾಯಿತು.

ಮೂರನೇ ಗುಹೆ ಎಲ್ಲಕ್ಕಿಂತ ದೊಡ್ಡದು. ಅಲ್ಲಿ ಚಾಲುಕ್ಯರ ಮಂಗಳೇಶನ ಶಾಸನ ಇದೆ, ಕ್ರಿ.ಶ. 578ರದು. ಅದರ ಮುಂದೆ ಭಕ್ತಿಯಿಂದ ನಿಂತಾಗ ಫೋನ್ ಬಂತು.

"ಸಕ್ಕರೆ ಎಲ್ಲಿದೆ?"

"ಸಕ್ಕರೆ ಅಂತ ಬರೆದಿರೋ ಡಬ್ಬಿಯಲ್ಲಿ."

"ಓ, ಬರೆದಿದೆಯಾ?"

ಮಂಗಳೇಶ ಬರೆಸಿದ್ದನ್ನು ಸುಮಾರು 1,450 ವರ್ಷ ಆದ ಮೇಲೂ ಹುಡುಕಿಕೊಂಡು ಬಂದು ಓದುವವರಿದ್ದಾರೆ. ನಾನು ಬರೆಸಿದ್ದನ್ನು ಓದುವವರಿಲ್ಲ.

ಕೋತಿಗಳ ಬಗ್ಗೆ ಎಲ್ಲರೂ ಎಚ್ಚರಿಸಿದ್ದರು. ಬಾದಾಮಿಯ ಕೋತಿಗಳಿಗೆ ಬಾಳೆಹಣ್ಣು, ಬಿಸ್ಕತ್ತು ಅಂದರೆ ಪ್ರಾಣ ಅಂತ ನಾನು ಯಾವುದನ್ನೂ ಇಟ್ಟುಕೊಂಡಿರಲಿಲ್ಲ. ಆದರೆ ನಾನೇ ಉಪ್ಪಿನಕಾಯಿ ಭರಣಿಯ ಹಾಗೆ ಘಮಘಮ ಅನ್ನುತ್ತಿದ್ದೆನಲ್ಲ! ಮೆಟ್ಟಿಲು ಇಳಿಯುವಾಗ ದೊಡ್ಡ ಗಡವ ಒಂದು ನೇರ ಬಂದು ಪರ್ಸನ್ನೇ ಕಿತ್ತುಕೊಂಡಿತು. ಗೋಡೆ ಮೇಲೆ ಕೂತು ಒಂದೊಂದಾಗಿ ಹೊರಗೆ ತೆಗೆಯಿತು. ದುಡ್ಡು ಅದಕ್ಕೆ ಬೇಡ. ಲಾಡ್ಜಿನ ರಸೀದಿ ಬೇಡ. ಆಧಾರ್ ಕಾರ್ಡ್ ಮಾತ್ರ ಮನಸ್ಸಿಗೆ ಬಂತು. ಮೂಸಿತು, ನೆಕ್ಕಿತು, ಒಂದು ಮೂಲೆ ಕಚ್ಚಿತು. ಆಮೇಲೆ ಖಾರ ಹತ್ತಿರಬೇಕು, ಮುಖ ಕಿವುಚಿ, ನನ್ನನ್ನೊಮ್ಮೆ ಫೋಟೋವನ್ನೊಮ್ಮೆ ನೋಡಿ ಎಸೆದು ಹೋಯಿತು. ಪ್ರವಾಸಕ್ಕೆ ಬಂದಿದ್ದ ಶಾಲೆ ಮಕ್ಕಳು ಚಪ್ಪಾಳೆ ತಟ್ಟಿದರು. ಕಾರ್ಡ್ ಆರಿಸಿಕೊಟ್ಟ ಹುಡುಗ, "ಆಂಟಿ, ನಿಮ್ಮ ಜೊತೆ ಯಾರೂ ಇಲ್ವಾ?" ಅಂದ. ಇಲ್ಲದ್ದು ಪುಣ್ಯ ಅಂದುಕೊಂಡೆ. ನಮ್ಮವರಿದ್ದಿದ್ದರೆ, "ನಾನು ಹೇಳಲಿಲ್ವಾ?" ಅನ್ನುವುದನ್ನು ಮಗಳ ಮದುವೆವರೆಗೂ ಕೇಳಬೇಕಾಗಿತ್ತು. ಒಬ್ಬಳೇ ಇದ್ದಾಗ ಆದ ಅವಘಡಕ್ಕೆ ಸಾಕ್ಷಿ ಇರುವುದಿಲ್ಲ. ಇದ್ದರೂ ಅವರು ಬೇರೆ ಊರಿನವರು.

ರಾತ್ರಿ ಭಯ ಆಗಲಿಲ್ಲವಾ ಅಂದರೆ, ಆಯಿತು. ಚಿಲಕ ಹಾಕಿ, ಬಾಗಿಲಿಗೆ ಕುರ್ಚಿ ಒರಗಿಸಿ, ಕುರ್ಚಿಗೆ ಟೇಬಲ್ಲು, ಟೇಬಲ್ಲಿನ ಮೇಲೆ ಬಕೆಟ್ಟು ಇಟ್ಟೆ. ಬಾದಾಮಿಯಲ್ಲಿ ಚಾಲುಕ್ಯರ ನಂತರ ಇನ್ನೊಂದು ಕೋಟೆ ಎದ್ದಿತು. ಬೆಳಗಿನ ಐದು ಗಂಟೆಗೆ ಬಾಗಿಲು ಬಡಿದ ಸದ್ದು. ಎದೆ ಝಲ್ಲೆಂದಿತು. "ಬಿಸಿನೀರ್ರೀ!" ಅಂತ ಹೊರಗಿನಿಂದ ಹುಡುಗ ಕೂಗಿದ. ಕೋಟೆ ಕೆಡವುವಷ್ಟರಲ್ಲಿ ನೀರು ಆರಿತ್ತು. ಆದರೆ ಅದಕ್ಕೂ ಮೊದಲು, ಡಬಲ್ ಬೆಡ್ಡಿನ ನಟ್ಟನಡುವೆ, ಕೈಕಾಲು ನಾಲ್ಕು ದಿಕ್ಕಿಗೂ ಚಾಚಿ, ಫ್ಯಾನು ನನಗೆ ಬೇಕಾದ ನಂಬರಿನಲ್ಲಿಟ್ಟು ಮಲಗಿದ್ದೆ. ಮದುವೆಯಾದ ಮೇಲೆ ಹಾಗೆ ಮಲಗಿದ ನೆನಪಿಲ್ಲ.

ಪಟ್ಟದಕಲ್ಲಿಗೆ ಬಸ್ಸಿನಲ್ಲಿ ಹೋದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ, ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಮಗೆ ಶೂನ್ಯ ದರದ ಟಿಕೆಟ್. ಗಂಡ ಜೊತೆಗಿದ್ದರೆ ಪೂರ್ತಿ ಖರ್ಚು ಅವರೊಬ್ಬರದೇ. ಮನೆಯ ಆರ್ಥಿಕ ಶಿಸ್ತಿನ ದೃಷ್ಟಿಯಿಂದಲೂ ಅವರನ್ನು ಬಿಟ್ಟು ಬಂದದ್ದು ಸರಿ. ಕಂಡಕ್ಟರ್ ನನ್ನ ಆಧಾರ್ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದ. ಕೆಂಪಗಾದ ಮುಖ, ಹಲ್ಲಿನ ಗುರುತು, ವಾಸನೆ. ಕೊನೆಗೆ ಕೇಳಿದ್ದು ಒಂದೇ. "ಮಾವಿನಕಾಯೇನ್ರಿ?"

ಪಕ್ಕದ ಸೀಟಿನಲ್ಲಿ ಇಳಕಲ್ ಸೀರೆಯ ಹೆಂಗಸು ಕೂತಿದ್ದರು. ಅವರೂ ಅದನ್ನೇ ಕೇಳಿದರು, ಯಜಮಾನರ ವಿಷಯ. ಬಂದಿಲ್ಲ ಅಂದೆ. "ಛಲೋ ಮಾಡಿದ್ರಿ ಬಿಡ್ರಿ" ಅಂದುಬಿಟ್ಟರು! ಆಮೇಲೆ ದನಿ ಇಳಿಸಿ, "ನಾನೂ ಮನ್ಯಾಗ ದವಾಖಾನಿಗೆ ಅಂತ ಹೇಳಿ ಬಂದೀನಿ. ತಂಗಿ ಮನಿಗೆ ಹೋಗಿ ಚಾ ಕುಡದು, ನಾಕ್ ಮಾತಾಡಿ ಸಂಜಿಕ ಹೊಳ್ಳಿ ಹೋಗ್ತೀನಿ" ಅಂದರು. ಮೊಣಕಾಲು ನೋವಿಗೆ ಔಷಧಿ ಏನು ಕೊಟ್ಟರು ಅಂತ ಮನೆಯಲ್ಲಿ ಕೇಳುವುದಿಲ್ಲವಾ ಅಂದೆ. "ನೋವು ಕಡಿಮಿ ಆಗೇತಿ ಅಂತೀನಿ. ಖರೇನ ಕಡಿಮಿ ಆಗಿರ್ತೈತ್ರಿ." ಇಳಿಯುವ ಹೊತ್ತಿಗೆ ಇಬ್ಬರು ಸೊಸೆಯರ ಗುಣಾವಗುಣ, ಹೊಲದ ತಕರಾರು, ಗಂಡನ ಬೀಡಿ ಎಲ್ಲ ನನಗೆ ಬಾಯಿಪಾಠ. ಮನೆಯವರ ಜೊತೆ ಹೋದಾಗ ಇಂಥ ಮಾತು ಕಿವಿಗೆ ಬೀಳುವುದೇ ಇಲ್ಲ. ಪಕ್ಕದಲ್ಲಿ ಗಂಡಸು ಕೂತಿದ್ದರೆ ಯಾವ ಹೆಂಗಸೂ ಬೀಡಿ ವಿಷಯದವರೆಗೆ ಬರುವುದಿಲ್ಲ.

ಪಟ್ಟದಕಲ್ಲು 1987ರಲ್ಲೇ ಯುನೆಸ್ಕೋ ಪಟ್ಟಿ ಸೇರಿದೆ. ನನಗೆ ಇಷ್ಟವಾದದ್ದು ಅಲ್ಲಿನ ಅಕ್ಕ ತಂಗಿಯರ ಕಥೆ. ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ವಿರೂಪಾಕ್ಷ ದೇವಸ್ಥಾನ ಕಟ್ಟಿಸಿದಳು. ಪಕ್ಕದ ಮಲ್ಲಿಕಾರ್ಜುನ ಕಟ್ಟಿಸಿದವಳು ತಂಗಿ ತ್ರೈಲೋಕ್ಯಮಹಾದೇವಿ. ಅವಳೂ ಅದೇ ರಾಜನ ರಾಣಿ. ಎರಡೂ ಒಂದೇ ಮಾದರಿ, ತಂಗಿಯದು ಸ್ವಲ್ಪ ಚಿಕ್ಕದು. ಎರಡರ ನಡುವೆ ನೆರಳಲ್ಲಿ ಕೂತು, ಕಟ್ಟುವಾಗ ಇವರಿಬ್ಬರಲ್ಲಿ ಏನೇನು ಮಾತು ನಡೆದಿರಬಹುದು ಅಂತ ಬೇಕಾದಷ್ಟು ಹೊತ್ತು ಕಲ್ಪಿಸಿಕೊಂಡೆ.

ಆಗ ಒಂದು ಕುಟುಂಬ ಬಂತು. ಅಪ್ಪ ಮುಂದೆ ಮುಂದೆ, "ಬೇಗ, ಬೇಗ, ಇನ್ನೂ ಐಹೊಳೆ ಇದೆ!" ಹಿಂದೆ ಅಮ್ಮ. ಹೆಗಲಲ್ಲಿ ಚೀಲ, ಒಂದು ಕೈಯಲ್ಲಿ ನೀರಿನ ಬಾಟಲುಗಳು, ಇನ್ನೊಂದರಲ್ಲಿ ಮಗುವಿನ ಶೂ. ನನ್ನ ಹತ್ತಿರ ನಿಂತು, "ಒಬ್ಬರೇ ಬಂದಿದ್ದೀರಾ?" ಅಂದಳು. ಯಜಮಾನರ ಸುದ್ದಿಗೇ ಹೋಗಲಿಲ್ಲ. ಆ ಕಡೆ ಈ ಕಡೆ ನೋಡಿ, "ರೂಮಿಗೆ ಎಷ್ಟು ತಗೊಂಡ್ರು?" ಅಂತ ಕೇಳಿ, ಹೇಳಿದ್ದನ್ನು ಮನಸ್ಸಿನಲ್ಲೇ ಬರೆದುಕೊಂಡು ಹೋದಳು.

ಬನಶಂಕರಿಯಲ್ಲಿ ಊಟ. ದೇವಸ್ಥಾನದ ಹೊಂಡದ ಹತ್ತಿರ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಕೆಂಪು ಖಾರದ ಚಟ್ನಿ, ಗಟ್ಟಿ ಮೊಸರು. ಆ ಕೆಂಪು ಚಟ್ನಿ ಮುಂದೆ ನಮ್ಮತ್ತೆಯ ಉಪ್ಪಿನಕಾಯಿ ಬರೀ ಮುರಬ್ಬ. ಕಣ್ಣಲ್ಲಿ ಮೂಗಲ್ಲಿ ನೀರು. "ಇನ್ನೊಂದ್ ಹಾಕ್ಲೇನವ್ವಾ?" ಅಂತ ಬಡಿಸುತ್ತಲೇ ಹೋದರು. ನಾನು ಕೂತಿದ್ದೆ, ಬೇರೆಯವರು ಬಡಿಸುತ್ತಿದ್ದರು. ಯಾರಿಗೆ ಸಾಕಾಯಿತು, ಯಾರಿಗೆ ಸಾಲದು ಅಂತ ನೋಡುವ ಕೆಲಸ ನನ್ನದಲ್ಲ. ಕಣ್ಣೀರಲ್ಲಿ ಅರ್ಧ ಮಾತ್ರ ಚಟ್ನಿಯದು ಅಂದರೆ ನಂಬುತ್ತೀರಾ?

ಮನೆಗೆ ಬಂದಾಗ ಎಲ್ಲರೂ ಬದುಕಿದ್ದರು. ಗ್ಯಾಸ್ ಮುಗಿದಿರಲಿಲ್ಲ. ಸಕ್ಕರೆ ಡಬ್ಬಿಯಲ್ಲಿ ಉಪ್ಪಿತ್ತು, ಅದರ ವಿಚಾರಣೆ ಇನ್ನೂ ನಡೆಯುತ್ತಿದೆ. ನಮ್ಮವರು ಫೋಟೋ ನೋಡಿ, "ಮುಂದಿನ ಸಲ ನಾನೂ ಬರ್ತೀನಿ" ಅಂದರು. ಬಸ್ಸಿನ ದರ ಹೇಳಿದೆ. ಯೋಚನೆ ಮಾಡ್ತೀನಿ ಅಂದರು.

ಅತ್ತೆ ಏನೂ ಅನ್ನಲಿಲ್ಲ. ರಾತ್ರಿ ಪಾತ್ರೆ ತೊಳೆಯುವಾಗ ಮೆಲ್ಲಗೆ ಪಕ್ಕಕ್ಕೆ ಬಂದು ನಿಂತರು. ಬನಶಂಕರಿ ದೇವಸ್ಥಾನದಲ್ಲಿ ಮೆಟ್ಟಿಲು ಜಾಸ್ತಿಯಾ, ಲಾಡ್ಜಿನಲ್ಲಿ ಬಿಸಿನೀರು ಬರುತ್ತಾ, ನನಗೂ ಕೆಳಗಿನ ಬರ್ತ್ ಕೊಡ್ತಾರಾ ಅಂತ ಒಂದೊಂದಾಗಿ ಕೇಳಿದರು. "ಹೋಗೋಣ ಬಿಡಿ ಅತ್ತೆ, ನಾನು ಕರ್ಕೊಂಡು ಹೋಗ್ತೀನಿ" ಅಂದೆ.

"ನೀನ್ಯಾಕೆ?" ಅಂದರು. "ನಾನೇ ಹೋಗಿ ಬರ್ತೀನಿ. ನೀನು ಸುಮ್ನೆ ಫೋನ್ ಮಾಡಿ ಮಾಡಿ ತಲೆ ತಿನ್ನಬೇಡ, ಅಷ್ಟೇ."