ರಾತ್ರಿ ಎಲ್ಲಿ ಮಲಗಿದ್ದಿರಿ? ಮಲೇರಿಯಾ ತಡೆಯಲು ಕೇಳಲೇಬೇಕಾದ ಪ್ರಶ್ನೆ

ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ತಾನಾಗಿ ಹಾರುವುದು ಸಾಮಾನ್ಯವಾಗಿ ಒಂದೆರಡು ಕಿಲೋಮೀಟರ್. ಅದರಾಚೆಗೆ ಮಲೇರಿಯಾ ಹೆಚ್ಚಾಗಿ ಸಾಗುವುದು ಪ್ರಯಾಣಿಕರ ರಕ್ತದಲ್ಲಿ. ಕೀನ್ಯಾದಲ್ಲಿ 2008–09ರ ಅವಧಿಯ ಸುಮಾರು 1.5 ಕೋಟಿ ಮೊಬೈಲ್ ಗ್ರಾಹಕರ ಓಡಾಟವನ್ನು ಮಲೇರಿಯಾ ನಕ್ಷೆಯ ಜೊತೆ ಇಟ್ಟು ನೋಡಿದಾಗ, ವಿಕ್ಟೋರಿಯಾ ಸರೋವರದ ಆಸುಪಾಸಿನಿಂದ ಸೋಂಕು ನೈರೋಬಿಯತ್ತ ಹರಿಯುವುದು ಕಂಡಿತು. ಅಂದರೆ ನೈರೋಬಿಯಲ್ಲಿ ಎಷ್ಟು ಔಷಧಿ ಸಿಂಪಡಿಸಿದರೂ ಹೊರಗಿಂದ ಬರುವ ಸೋಂಕು ನಿಲ್ಲದು. ಮೂಲ ಇರುವಲ್ಲೇ ಕೆಲಸ ಆಗಬೇಕು. (ಮೊಬೈಲ್ ದತ್ತಾಂಶಕ್ಕೂ ಮಿತಿಯಿದೆ: ಮಕ್ಕಳು ಅದರಲ್ಲಿ ಕಾಣುವುದಿಲ್ಲ, ಗಡಿ ದಾಟಿ ಸಿಮ್ ಬದಲಿಸಿದವರೂ ಕಾಣುವುದಿಲ್ಲ.)

ಗಡಿಯಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿಯುವುದನ್ನು ನಾನು ನೆಚ್ಚುವುದಿಲ್ಲ. ಮಲೇರಿಯಾ ತರುವ ಪರಾವಲಂಬಿಗಳಲ್ಲಿ ಒಂದಾದ ಫಾಲ್ಸಿಪಾರಂ ಕಡಿತದ ನಂತರ ಸುಮಾರು ಒಂದು ವಾರ ಯಕೃತ್ತಿನಲ್ಲೇ ಇರುತ್ತದೆ. ಆಗ ಜ್ವರವೂ ಇರುವುದಿಲ್ಲ, ರ‍್ಯಾಪಿಡ್ ಟೆಸ್ಟಿನಲ್ಲೂ ಸಿಗುವುದಿಲ್ಲ. ರಕ್ತಕ್ಕೆ ಇಳಿದ ಮೇಲೂ ಸೊಳ್ಳೆಗೆ ದಾಟಬಲ್ಲ ಗ್ಯಾಮಿಟೋಸೈಟ್‌ಗಳು ಬಲಿಯಲು ಇನ್ನೂ ಹತ್ತು ದಿನ ಬೇಕು. ಸೊಳ್ಳೆಯೊಳಗೆ ಅವು ಬೆಳೆಯಲು ಮತ್ತೆ ಹತ್ತು-ಹದಿನಾಲ್ಕು ದಿನ. ಹಾಗಾಗಿ ಊರಿಗೆ ಮರಳಿದವರನ್ನು ಜ್ವರ ಬಂದ ಮೊದಲೆರಡು ದಿನದಲ್ಲೇ ಪರೀಕ್ಷಿಸಿ ಚಿಕಿತ್ಸೆ ಕೊಟ್ಟರೆ ಸರಪಳಿ ಅಲ್ಲೇ ತುಂಡಾಗುತ್ತದೆ.

ಇನ್ನೊಂದು ಬಗೆಯ ಮಲೇರಿಯಾ ಪರಾವಲಂಬಿ ವೈವಾಕ್ಸ್ ಇಷ್ಟು ಕಾಲಾವಕಾಶ ಕೊಡುವುದಿಲ್ಲ. ಅದರ ಗ್ಯಾಮಿಟೋಸೈಟ್‌ಗಳು ಜ್ವರಕ್ಕೆ ಮುಂಚೆಯೇ ರಕ್ತದಲ್ಲಿ ಇರಬಹುದು. ಯಕೃತ್ತಿನಲ್ಲಿ ಸುಪ್ತವಾಗಿ ಉಳಿದ ಪರಾವಲಂಬಿ ತಿಂಗಳುಗಳ ನಂತರ ಮತ್ತೆ ಏಳುತ್ತದೆ. ರಕ್ತದಲ್ಲಿನ ಪರಾವಲಂಬಿಯನ್ನು ಕೊಲ್ಲುವ ಕ್ಲೋರೋಕ್ವಿನ್ ಮಾತ್ರೆ ಅದನ್ನು ಮುಟ್ಟುವುದಿಲ್ಲ. ಅದಕ್ಕೆ ಪ್ರೈಮಾಕ್ವಿನ್ ಬೇಕು. ರೂಢಿಯ ಕ್ರಮದಲ್ಲಿ ದಿನಕ್ಕೆ ಕಿಲೋ ತೂಕಕ್ಕೆ 0.25 ಮಿಲಿಗ್ರಾಂನಂತೆ 14 ದಿನ, ಅದೂ ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಯುವ ಕಿಣ್ವ) ಕೊರತೆ ಇಲ್ಲವೆಂದು ನೋಡಿಕೊಂಡು ವೈದ್ಯರು ಕೊಡಬೇಕಾದದ್ದು. ಕೊರತೆ ಇದ್ದವರಲ್ಲಿ ಕೆಂಪು ರಕ್ತಕಣಗಳು ಒಡೆಯುತ್ತವೆ. ಎಡವಟ್ಟಾಗುವುದು ಮೂರನೇ ದಿನ. ಜ್ವರ ಇಳಿಯುತ್ತದೆ, ಕೆಲಸ ಕರೆಯುತ್ತದೆ, ಮಾತ್ರೆ ಅರ್ಧಕ್ಕೇ ನಿಲ್ಲುತ್ತದೆ, ಸೋಂಕು ಮುಂದಿನ ಊರಿಗೆ ಹೊರಡುತ್ತದೆ.

ಮುನ್ನೆಚ್ಚರಿಕೆಯ ಮಾತ್ರೆಗೂ ಇದೇ ಗತಿ. ಡಾಕ್ಸಿಸೈಕ್ಲಿನ್ ಅನ್ನು ಅಪಾಯದ ಪ್ರದೇಶ ಬಿಟ್ಟ ನಂತರವೂ ನಾಲ್ಕು ವಾರ ನುಂಗಬೇಕು, ಏಕೆಂದರೆ ಅದು ಹಿಡಿಯುವುದು ಯಕೃತ್ತಿನಿಂದ ಹೊರಬಂದ ಪರಾವಲಂಬಿಯನ್ನು. ಮನೆ ಸೇರಿದೆವೆಂದು ಅನೇಕರು ನಿಲ್ಲಿಸಿಬಿಡುತ್ತಾರೆ. ಮಲೇರಿಯಾ ಇರುವ ಊರಿನಲ್ಲೇ ಹುಟ್ಟಿ ಬೆಳೆದವರೂ ನಗರದಲ್ಲಿ ಕೆಲವು ವರ್ಷ ಕಳೆದರೆ ಅವರ ರೋಗನಿರೋಧಕ ಬಲ ಕುಗ್ಗುತ್ತದೆ. ರಜೆಗೆ ಹೋದಾಗ ಅವರಿಗೂ ಸೊಳ್ಳೆಪರದೆ ಬೇಕೇ ಬೇಕು.

ಜ್ವರದ ರೋಗಿಯ ಚೀಟಿಯಲ್ಲಿ 'ಪ್ರಯಾಣ: ಹೌದು/ಇಲ್ಲ' ಎಂದಷ್ಟೇ ಬರೆದರೆ ಸಾಲದು. ಊರಿನ ಹೆಸರು, ಅಲ್ಲಿ ಕಳೆದ ರಾತ್ರಿಗಳು, ಮಲಗಿದ್ದು ಒಳಗೋ ಬಯಲಲ್ಲೋ, ಪರದೆ ಇತ್ತೋ ಇಲ್ಲವೋ, ಜೊತೆಗೆ ಯಾರಿದ್ದರು, ಎಲ್ಲವೂ ಬೇಕು. ಕಳೆದ ಒಂದು ತಿಂಗಳದ್ದಂತೂ ಸರಿಯೇ, ವೈವಾಕ್ಸ್ ಆದರೆ ಒಂದು ವರ್ಷದ್ದು. ಈ ವಿವರವನ್ನು ವಲಸೆ ಕಾರ್ಮಿಕರನ್ನು ದೂರಲು ಬಳಸಿದ ದಿನವೇ ಅವರು ನಿಜ ಹೇಳುವುದನ್ನು ನಿಲ್ಲಿಸುತ್ತಾರೆ, ಜ್ವರ ಬಂದರೂ ಆಸ್ಪತ್ರೆಯ ಕಡೆ ಬರುವುದಿಲ್ಲ.